ಸುದ್ದಿಗೆ ಸನದು ಬೇಡವೇ? – ಲಸಿಕೆ ಮತ್ತು ವದಂತಿಗಳ ಚರಿತ್ರೆ



2025ರ ಜುಲೈ ತಿಂಗಳ ಮೊದಲ ವಾರ. ಬನ್ನೇರುಘಟ್ಟ ರಸ್ತೆಯಲ್ಲಿ, ಜಯನಗರ 9ನೆಯ ಬ್ಲಾಕಿಗೆ ಹೊಂದಿಕೊಂಡಿರುವ ಜಯದೇವ ಹೃದ್ರೋಗ ಸಂಸ್ಥೆಗೆ ಎಂದಿಗಿಂತ ಹೆಚ್ಚು ಜನ ತಪಾಸಣೆಗೆ ಬರತೊಡಗಿದರು. ಮೈಸೂರಿನ ಜಯದೇವ ಆಸ್ಪತ್ರೆಯಲ್ಲೂ ಬೆಳಗಿನಿಂದಲೇ ಉದ್ದನೆಯ ಸಾಲು. ಬಂದವರಲ್ಲಿ ಅನೇಕರಿಗೆ ಎದೆನೋವಿರಲಿಲ್ಲ, ಭಯವಿತ್ತು. ಹಾಸನ ಜಿಲ್ಲೆಯಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರು, ಅವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು ಎಂಬ ಸುದ್ದಿ ನಾಡಿನಾದ್ಯಂತ ಹಬ್ಬಿತ್ತು. ಆ ಸುದ್ದಿಯ ಬೆನ್ನಿಗೇ ಮತ್ತೊಂದು ಮಾತು ಮೊಬೈಲಿನಿಂದ ಮೊಬೈಲಿಗೆ ಹಾರಿತು: "ಇದಕ್ಕೆಲ್ಲ ಕೋವಿಡ್ ಲಸಿಕೆಯೇ ಕಾರಣ!"

ಲಸಿಕೆಗೆ ಅವಸರದಲ್ಲಿ ಅನುಮತಿ ಕೊಟ್ಟದ್ದೂ ಒಂದು ಕಾರಣವಿರಬಹುದೆಂದು ಸ್ವತಃ ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಅನುಮಾನ ವ್ಯಕ್ತಪಡಿಸಿದರು. ಐಸಿಎಂಆರ್ ಮತ್ತು ಏಮ್ಸ್ ಸಂಸ್ಥೆಗಳ ಅಧ್ಯಯನಗಳಲ್ಲಿ ಅಂಥ ಸಂಬಂಧ ಕಂಡುಬಂದಿಲ್ಲ ಎಂದು ಕೇಂದ್ರ ಆರೋಗ್ಯ ಸಚಿವಾಲಯ ಉತ್ತರಿಸಿತು. ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ರಾಜ್ಯ ಸಮಿತಿಯೂ ವರದಿ ಕೊಟ್ಟಿತು. ಹಾಸನದಲ್ಲಿ ಪರಿಶೀಲಿಸಿದ 24 ಸಾವುಗಳಲ್ಲಿ 20 ಮಾತ್ರ ಹೃದಯಕ್ಕೆ ಸಂಬಂಧಿಸಿದವು. ಉಳಿದ 4ರಲ್ಲಿ ರಸ್ತೆ ಅಪಘಾತವೂ ಇತ್ತು, ವಿದ್ಯುತ್ ಆಘಾತವೂ ಇತ್ತು. ಜಯದೇವದಲ್ಲಿ ಚಿಕಿತ್ಸೆ ಪಡೆದ 251 ರೋಗಿಗಳ ಅಧ್ಯಯನದಲ್ಲಿ ಚಿಕ್ಕ ವಯಸ್ಸಿನ ಹೃದ್ರೋಗಕ್ಕೂ ಕೋವಿಡ್ ಲಸಿಕೆಗೂ ನಂಟು ಕಾಣಲಿಲ್ಲ. ಕಂಡದ್ದು ನಮಗೆಲ್ಲ ಗೊತ್ತಿರುವ ಹಳೆಯ ಶತ್ರುಗಳೇ: ಧೂಮಪಾನ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಬ್ಬು.

ಆದರೆ ವರದಿ ಬರುವಷ್ಟರಲ್ಲಿ ವದಂತಿ ಮನೆಮನೆ ಮುಟ್ಟಿಯಾಗಿತ್ತು. ವರದಿಯನ್ನು ಎಷ್ಟು ಜನ ಓದಿದರು? ಫಾರ್ವರ್ಡ್ ಮಾಡಿದವರಲ್ಲಿ ಎಷ್ಟು ಜನ ವರದಿಯನ್ನೂ ಫಾರ್ವರ್ಡ್ ಮಾಡಿದರು? ಈ ಪ್ರಶ್ನೆಗೆ ಉತ್ತರ ಹುಡುಕಲು ಇತಿಹಾಸದ ಕೆಲವು ಪುಟಗಳನ್ನು ತಿರುವಿ ಹಾಕೋಣ ಬನ್ನಿ.

ಕಾಗೆ ಕೂತಿತು, ಕೊಂಬೆ ಮುರಿಯಿತು

ಮೊದಲು ಒಂದು ಸರಳ ಲೆಕ್ಕ. 2021ರ ಜನವರಿ 16ರಂದು ನಮ್ಮ ದೇಶದಲ್ಲಿ ಕೋವಿಡ್ ಲಸಿಕೆ ಆರಂಭವಾಯಿತು. ನಂತರದ ತಿಂಗಳುಗಳಲ್ಲಿ ವಯಸ್ಕರಲ್ಲಿ ಬಹುಪಾಲು ಜನ ಅದನ್ನು ಪಡೆದರು. ಬಹುಪಾಲು ಎಲ್ಲರೂ ಲಸಿಕೆ ಪಡೆದಿರುವಾಗ, ಆಮೇಲೆ ಯಾವ ಕಾರಣಕ್ಕೆ ಯಾರು ತೀರಿಕೊಂಡರೂ ಅವರು ಲಸಿಕೆ ಪಡೆದವರೇ ಆಗಿರುತ್ತಾರೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ. ಸಂಬಂಧ ಇದೆಯೋ ಇಲ್ಲವೋ ತಿಳಿಯಬೇಕಾದರೆ ಕಾಗೆ ಕೂತ ಕೊಂಬೆಗಳನ್ನೂ ಕೂರದ ಕೊಂಬೆಗಳನ್ನೂ ಎಣಿಸಿ ಹೋಲಿಸಬೇಕು. ವಿಜ್ಞಾನಿಗಳು ಮಾಡುವುದು ಈ ಎಣಿಕೆಯನ್ನೇ.

ಹಾಗೆಂದು ಲಸಿಕೆಗೆ ಅಡ್ಡಪರಿಣಾಮವೇ ಇಲ್ಲ ಎನ್ನುವುದೂ ಸುಳ್ಳು. ಜ್ವರ, ಕೈನೋವು ಸಾಮಾನ್ಯ. ಕೋವಿಶೀಲ್ಡ್ ಮಾದರಿಯ ಲಸಿಕೆಯಿಂದ ಅತಿ ವಿರಳವಾಗಿ ರಕ್ತ ಹೆಪ್ಪುಗಟ್ಟುವ ತೊಂದರೆ ಆಗಬಹುದೆಂದು 2021ರಲ್ಲೇ ತಿಳಿದಿತ್ತು. ಆದರೆ ಅದು ಕಾಣಿಸಿಕೊಳ್ಳುವುದು ಲಸಿಕೆ ಪಡೆದ ಕೆಲವೇ ವಾರಗಳಲ್ಲಿ, ನಾಲ್ಕು ವರ್ಷದ ನಂತರವಲ್ಲ. ಇದು ಕೂಡ ಗೊತ್ತಾದದ್ದು ಎಣಿಕೆಯಿಂದಲೇ, ವಾಟ್ಸಾಪ್ ಸಂದೇಶದಿಂದಲ್ಲ.

ತೋಳಿನಿಂದ ತೋಳಿಗೆ ಬಂದ ಮದ್ದು

"ಲಸಿಕೆ ಎಂಬುದು ಪಾಶ್ಚಾತ್ಯರ ಪಿತೂರಿ" ಎಂಬ ಮಾತನ್ನು ನೀವೂ ಕೇಳಿರಬಹುದು. ಚರಿತ್ರೆ ಬೇರೆಯೇ ಕಥೆ ಹೇಳುತ್ತದೆ. ಸಿಡುಬು ಬೇರೆ, ದಡಾರ ಬೇರೆ ಎಂದು ಲಕ್ಷಣಗಳನ್ನು ವಿಂಗಡಿಸಿ ಗ್ರಂಥವನ್ನೇ ಬರೆದವರು ಸಾವಿರ ವರ್ಷಗಳಿಗೂ ಹಿಂದೆ ರಯ್ ಮತ್ತು ಬಗ್ದಾದ್ ನಗರಗಳಲ್ಲಿ ವೈದ್ಯರಾಗಿದ್ದ ಅಬೂಬಕರ್ ಅಲ್ ರಾಝಿ. ಆ ಗ್ರಂಥ ಮುಂದೆ ಲ್ಯಾಟಿನ್ ಮತ್ತು ಇಂಗ್ಲಿಷಿಗೂ ಹೋಯಿತು. ಸಿಡುಬಿನ ಕೀವನ್ನು ಆರೋಗ್ಯವಂತರ ಚರ್ಮಕ್ಕೆ ಗೀರಿ ಹಚ್ಚುವ ಪದ್ಧತಿಯನ್ನು ಬ್ರಿಟಿಷ್ ರಾಯಭಾರಿಯ ಪತ್ನಿ ಲೇಡಿ ಮೇರಿ ಮಾಂಟೆಗು ನೋಡಿದ್ದು ತುರ್ಕಿಯಲ್ಲಿ, 1717ರಲ್ಲಿ. ಮರುವರ್ಷ ತನ್ನ ಮಗನಿಗೆ ಇಸ್ತಾಂಬುಲಿನಲ್ಲೇ ಹಾಕಿಸಿದಳು. 1721ರಲ್ಲಿ ಲಂಡನ್ನಿನಲ್ಲಿ ಮಗಳಿಗೂ ಹಾಕಿಸಿದಳು. ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನಿಂದ ಹೆಚ್ಚು ಸುರಕ್ಷಿತವಾದ ಲಸಿಕೆ ಮಾಡಿದ್ದು ಅನಂತರ, 1796ರ ಮೇ 14ರಂದು.

ವದಂತಿಯೂ ಜೊತೆಯಲ್ಲೇ ಹುಟ್ಟಿತು. ಲಸಿಕೆ ಹಾಕಿಸಿಕೊಂಡವರ ಮೈಯಿಂದ ಹಸುಗಳು ಹುಟ್ಟಿ ಬರುತ್ತಿರುವಂತೆ ಜೇಮ್ಸ್ ಗಿಲ್ರೇ ಎಂಬ ವ್ಯಂಗ್ಯಚಿತ್ರಕಾರ 1802ರಲ್ಲೇ ಲಂಡನ್ನಿನಲ್ಲಿ ಚಿತ್ರ ಬರೆದ. ಇಂದಿನ "ಲಸಿಕೆಯಲ್ಲಿ ಚಿಪ್ ಇದೆ" ಎಂಬ ಸಂದೇಶಕ್ಕೆ ಇದೇ ಅಜ್ಜ!

ಅದೇ 1802ರಲ್ಲಿ ಲಸಿಕೆ ಭಾರತಕ್ಕೆ ಬಂದ ದಾರಿಯನ್ನು ಗಮನಿಸಿ. ಶೈತ್ಯಪೆಟ್ಟಿಗೆ ಇಲ್ಲದ ಕಾಲ. ವಿಯೆನ್ನಾದಿಂದ ಇಸ್ತಾಂಬುಲ್, ಅಲ್ಲಿಂದ ಬಗ್ದಾದ್, ಅಲ್ಲಿಂದ ಬಸ್ರಾ. ಒಬ್ಬರ ತೋಳಿನಲ್ಲಿ ಎದ್ದ ಗುಳ್ಳೆಯ ರಸವನ್ನು ಮತ್ತೊಬ್ಬರ ತೋಳಿಗೆ ಹಾಕುತ್ತ ಅದನ್ನು ಜೀವಂತವಾಗಿ ಉಳಿಸಿಕೊಳ್ಳಬೇಕಿತ್ತು. ಹೀಗೆ ಬಂದ ರಸವನ್ನು 1802ರ ಜೂನ್ 14ರಂದು ಬೊಂಬಾಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹೆಣ್ಣುಮಗುವಿಗೆ ಹಾಕಿದರು. ಈ ನಾಡಿನ ಮೊದಲ ಲಸಿಕೆ ಅದು. ಮುಂದೆ ಅದು ದೇಶದಾದ್ಯಂತ ಹರಡಿದ್ದು ಆ ಮಗುವಿನ ತೋಳಿನಿಂದ. ಆ ಮಗುವಿನ ಹೆಸರು ಚರಿತ್ರೆಯಲ್ಲಿ ದಾಖಲಾಗಿದೆ. ಮದ್ದು ಎಲ್ಲಿಂದ ಬಂತು, ಯಾವ ದಾರಿಯಲ್ಲಿ ಬಂತು ಎಂಬುದು ಇಂದಿಗೂ ನಮಗೆ ಗೊತ್ತು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಮೈಸೂರಿನ ಅರಮನೆಯಲ್ಲಿ

ಬೊಂಬಾಯಿಗೆ ಬಂದ ಲಸಿಕೆ ಮೂರೇ ವರ್ಷಗಳಲ್ಲಿ ನಮ್ಮ ಮೈಸೂರನ್ನೂ ಮುಟ್ಟಿತು. ಆಗ ಮುಮ್ಮಡಿ ಕೃಷ್ಣರಾಜ ಒಡೆಯರ್ ಇನ್ನೂ ಬಾಲಕ. 1805ರಲ್ಲಿ ಅವರನ್ನು ವಿವಾಹವಾಗಲು ಬಂದ ದೇವಾಜಮ್ಮಣ್ಣಿಯವರಿಗೆ ಸುಮಾರು 12 ವರ್ಷ. ಅವರಿಗೆ ಲಸಿಕೆ ಹಾಕಲಾಯಿತು. ಅದೇ ಸುಮಾರಿಗೆ ಥಾಮಸ್ ಹಿಕ್ಕಿ ಬರೆದನೆನ್ನಲಾದ ಅರಮನೆಯ ಮೂವರು ಮಹಿಳೆಯರ ಒಂದು ದೊಡ್ಡ ವರ್ಣಚಿತ್ರವಿದೆ. ಅದರಲ್ಲಿ ಒಬ್ಬರು ಸೀರೆಯ ಸೆರಗನ್ನು ಸರಿಸಿ ತೋಳನ್ನು ತೋರಿಸುತ್ತಿದ್ದಾರೆ. ಲಸಿಕೆ ಹಾಕಿಸಿಕೊಂಡ ಜಾಗವನ್ನು ಪ್ರಜೆಗಳಿಗೆ ತೋರಿಸುವುದೇ ಆ ಚಿತ್ರದ ಉದ್ದೇಶ ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ಅಭಿಪ್ರಾಯ. ಅರಮನೆಯ ಹೆಣ್ಣುಮಕ್ಕಳು ಹಾಕಿಸಿಕೊಂಡರೆ ಊರಿನವರ ಅಂಜಿಕೆ ಹೋಗುತ್ತದೆ ಎಂಬ ಲೆಕ್ಕಾಚಾರ. ಜನ ನಂಬುವುದು ಆಜ್ಞೆಯನ್ನಲ್ಲ, ತಮಗೆ ಗೊತ್ತಿರುವ ಮುಖವನ್ನು!

ಇದಕ್ಕೆ ವಿರುದ್ಧವಾದ ಇನ್ನೊಂದು ಉದಾಹರಣೆಯೂ ಇದೆ. ಹಸುವಿನ ಸಿಡುಬಿನ ಲಸಿಕೆ ಪ್ರಾಚೀನ ಸಂಸ್ಕೃತ ಗ್ರಂಥದಲ್ಲೇ ಇದೆ ಎಂಬ ಬರಹವೊಂದು 1819ರಲ್ಲಿ ಮದರಾಸಿನ ಪತ್ರಿಕೆಯಲ್ಲಿ ಬಂತು. ಜನ ಅಂಜದೆ ಲಸಿಕೆ ಪಡೆಯಲಿ ಎಂಬ ಸದುದ್ದೇಶ ಇಂಥ ಪ್ರಯತ್ನಗಳ ಹಿಂದಿತ್ತು. ಆದರೆ ಅಂಥ ಪ್ರಾಚೀನ ಗ್ರಂಥವೇ ಇಲ್ಲವೆಂದು ವಿದ್ವಾಂಸ ಡೊಮಿನಿಕ್ ವುಜಾಸ್ಟಿಕ್ ನಮ್ಮ ಕಾಲದಲ್ಲಿ ತೋರಿಸಿಕೊಟ್ಟರು. ಒಳ್ಳೆಯದಕ್ಕಾಗಿ ಹೇಳಿದ ಸುಳ್ಳೂ ಸುಳ್ಳೇ. ಗುಟ್ಟು ಬಯಲಾದ ದಿನ ನಿಜವನ್ನೂ ಜನ ನಂಬುವುದಿಲ್ಲ.

ಪ್ಲೇಗಿನ ದಿನಗಳು

1896ರಲ್ಲಿ ಬೊಂಬಾಯಿಗೆ ಬಂದ ಪ್ಲೇಗ್ 1898ರ ಆಗಸ್ಟ್‌ನಲ್ಲಿ ರೈಲು ಮಾರ್ಗವಾಗಿ ಬೆಂಗಳೂರನ್ನೂ ತಲುಪಿತು. ಇಲಿ ಬಿದ್ದರೆ ಮನೆ ಬಿಡಬೇಕು. ರೋಗಿ ಸಿಕ್ಕರೆ ಶಿಬಿರಕ್ಕೆ ಸಾಗಿಸುತ್ತಾರೆ. ಆಸ್ಪತ್ರೆಗೆ ಹೋದವರು ತಿರುಗಿ ಬರುವುದಿಲ್ಲ ಎಂಬ ಮಾತು ಹಬ್ಬಿ ಜನ ರೋಗಿಗಳನ್ನು ಬಚ್ಚಿಟ್ಟರು. ಇಕ್ಕಟ್ಟಾದ ಪೇಟೆಯಿಂದ ಹೊರಗೆ ಗಾಳಿ ಬೆಳಕಿರುವ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಈ ಪ್ಲೇಗಿನ ನಂತರ. ಇಂದಿನ ದಕ್ಷಿಣ ಬೆಂಗಳೂರು ಹೀಗೆ ಒಂದು ಸಾಂಕ್ರಾಮಿಕದ ನೆರಳಿನಲ್ಲಿ ಆರಂಭವಾಯಿತು ಎಂದರೆ ತಪ್ಪಾಗದು.

ಆ ದಿನಗಳಲ್ಲಿ ಮೈಸೂರು ಸರ್ಕಾರದ ಲಸಿಕಾ ಸಂಸ್ಥೆಯಲ್ಲೂ ಪ್ಲೇಗ್ ಶಿಬಿರದಲ್ಲೂ ದುಡಿದವರು ಡಾ. ಪಲ್ಪು. ಈಳವ ಸಮುದಾಯದಲ್ಲಿ ಹುಟ್ಟಿದ ಕಾರಣಕ್ಕೆ ಸ್ವಂತ ನಾಡಾದ ತಿರುವಾಂಕೂರಿನಲ್ಲಿ ಸರ್ಕಾರಿ ವೈದ್ಯ ಹುದ್ದೆ ಸಿಗದೆ ಬೆಂಗಳೂರಿಗೆ ಬಂದ ಪ್ರತಿಭಾವಂತ ಅವರು. ವಿದ್ಯಾರ್ಥಿಗಳು ಈ ಹೆಸರನ್ನು ಮರೆಯಬಾರದು.

ಪ್ಲೇಗಿಗೆ ಲಸಿಕೆ ತಯಾರಿಸಿದ ವಾಲ್ಡೆಮಾರ್ ಹಾಫ್‌ಕಿನ್ 1897ರ ಜನವರಿ 10ರಂದು ಮೊದಲ ಚುಚ್ಚುಮದ್ದನ್ನು ತನಗೇ ಚುಚ್ಚಿಸಿಕೊಂಡ. ಬೊಂಬಾಯಿಯಲ್ಲಿ ಜನ ಹೆದರಿ ದೂರ ನಿಂತಾಗ, ಇನ್ನೂ 20 ದಾಟದ ತರುಣ ಮೂರನೆಯ ಆಗಾ ಖಾನ್ ಎಲ್ಲರ ಮುಂದೆ ತಾನೇ ಲಸಿಕೆ ಹಾಕಿಸಿಕೊಂಡರು. ಪ್ರಯೋಗಾಲಯಕ್ಕೆ ತಮ್ಮ ಬಂಗಲೆಯನ್ನೂ ಕೊಟ್ಟರು. ಅವರನ್ನು ನೋಡಿ ಸಾವಿರಾರು ಖೋಜಾ ಮುಸ್ಲಿಮರು ಮುಂದೆ ಬಂದರು.

ದುರಂತವೂ ನಡೆಯಿತು. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಬಾಟಲಿಯ ಲಸಿಕೆ ಪಡೆದ 19 ಜನ ಧನುರ್ವಾಯುವಿನಿಂದ ಸತ್ತರು. ಹಾಫ್‌ಕಿನ್ ಮೇಲೆ ಆರೋಪ ಬಂತು. ವರ್ಷಗಳ ವಿಚಾರಣೆಯ ನಂತರ 1907ರಲ್ಲಿ ಆತ ದೋಷಮುಕ್ತನಾದ. ತಪ್ಪು ನಡೆದದ್ದು ಹಳ್ಳಿಯಲ್ಲಿ ಬಾಟಲಿ ತೆರೆದಾಗ ಎಂದು ವಿಜ್ಞಾನಿಗಳು ವಾದಿಸಿದರು. ಸಾವಿನ ಸುದ್ದಿ ಒಂದೇ ದಿನದಲ್ಲಿ ಓಡಿತು, ನಿಜ ನಡೆದು ಬರಲು ಐದು ವರ್ಷ ಹಿಡಿಯಿತು.

ಭಯಕ್ಕೂ ಬೇರು ಇರುತ್ತದೆ

ವದಂತಿಗೆ ತಲೆಬುಡವಿಲ್ಲ ಎನ್ನುತ್ತೇವೆ. ಆದರೆ ಅದನ್ನು ನಂಬುವ ಭಯಕ್ಕೆ ಬೇರು ಇರುತ್ತದೆ. ತುರ್ತುಪರಿಸ್ಥಿತಿಯಲ್ಲಿ, 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ ಸುಮಾರು 80 ಲಕ್ಷ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಬಡವರನ್ನು, ಅಲ್ಪಸಂಖ್ಯಾತರನ್ನು ಬಲವಂತದಿಂದ ಎಳೆದೊಯ್ದ ಘಟನೆಗಳು ಅನೇಕ. ಅದನ್ನು ಕಂಡ ತಾಯಂದಿರು 1995ರಲ್ಲಿ ಪಲ್ಸ್ ಪೋಲಿಯೊ ಬಂದಾಗ "ಮನೆ ಬಾಗಿಲಿಗೇ ಬಂದು ಪುಕ್ಕಟೆ ಹನಿ ಏಕೆ ಹಾಕುತ್ತಾರೆ?" ಎಂದು ಕೇಳಿದ್ದು ದಡ್ಡತನವಲ್ಲ. 2011ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಪಾಕಿಸ್ತಾನದ ಅಬೊಟ್ಟಾಬಾದಿನಲ್ಲಿ ಲಸಿಕೆಯ ನೆಪದಲ್ಲಿ ಗೂಢಚಾರಿಕೆ ನಡೆಸಿತು. ಅದರ ದಂಡ ತೆತ್ತವರು ಪೋಲಿಯೊ ಹನಿ ಸಿಗದ ಅಲ್ಲಿನ ಮಕ್ಕಳು.

ಉತ್ತರ ಪ್ರದೇಶದಲ್ಲಿ "ಹನಿ ಹಾಕಿದರೆ ಮಕ್ಕಳಾಗುವುದಿಲ್ಲ" ಎಂಬ ವದಂತಿ ಹಬ್ಬಿದಾಗ ನಷ್ಟವಾದದ್ದು ಯಾರಿಗೆ? 2002ರಲ್ಲಿ ದೇಶದಲ್ಲಿ 1,600 ಮಕ್ಕಳಿಗೆ ಪೋಲಿಯೊ ತಗುಲಿತು. ಅವರಲ್ಲಿ ನಮ್ಮ ಸಮುದಾಯದ ಮಕ್ಕಳ ಪಾಲು ಜನಸಂಖ್ಯೆಯ ಪಾಲಿಗಿಂತ ಬಹಳ ಹೆಚ್ಚಿತ್ತು. ಆಗ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ, ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ, ಜಾಮಿಯಾ ಹಮ್‌ದರ್ದ್ ಸಂಸ್ಥೆಗಳು ಮುಂದೆ ಬಂದವು. ಉಲಮಾಗಳು ಮಸೀದಿಗಳಿಂದ ಕರೆ ಕೊಟ್ಟರು, ತಮ್ಮ ಮಕ್ಕಳಿಗೇ ಮೊದಲು ಹನಿ ಹಾಕಿಸಿದರು. 2011ರ ಜನವರಿ 13ರ ನಂತರ ಭಾರತದಲ್ಲಿ ಸಹಜ ಪೋಲಿಯೊದ ಒಂದು ಪ್ರಕರಣವೂ ಕಂಡಿಲ್ಲ. 2014ರ ಮಾರ್ಚ್ 27ರಂದು ನಮ್ಮ ಪ್ರದೇಶ ಪೋಲಿಯೊ ಮುಕ್ತವೆಂದು ಘೋಷಣೆಯಾಯಿತು. ಅಂದು ಹನಿ ಕುಡಿದ ಮಕ್ಕಳು ಇಂದು ತಾವೇ ತಂದೆ ತಾಯಿಯರಾಗಿದ್ದಾರೆ. ವದಂತಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕೇ?

ಹಲಾಲ್ ಹರಾಮಿನ ಪ್ರಶ್ನೆಯನ್ನೂ ಮುಚ್ಚಿಡಬೇಕಾಗಿಲ್ಲ. ಕೆಲವು ಲಸಿಕೆಗಳಲ್ಲಿ ಜೆಲಟಿನ್ ಬಳಸುವುದು ನಿಜ. ಕೋವಿಶೀಲ್ಡ್‌ನಲ್ಲಿ ಅದು ಇರಲಿಲ್ಲ. ದಡಾರ-ರುಬೆಲ್ಲಾ ಲಸಿಕೆಯ ತಯಾರಿಕೆಯಲ್ಲಿ ನಿಷಿದ್ಧ ವಸ್ತುವಿನ ಬಳಕೆ ಇದೆ ಎಂದು ಇಂಡೋನೇಷ್ಯಾದ ಉಲಮಾ ಮಂಡಳಿ 2018ರಲ್ಲಿ ಬಹಿರಂಗವಾಗಿಯೇ ಹೇಳಿತು; ಆದರೆ ಬದಲಿ ಲಸಿಕೆ ಇಲ್ಲದಿರುವಾಗ ಮಕ್ಕಳ ಜೀವರಕ್ಷಣೆಗಾಗಿ ಅದನ್ನು ಬಳಸಲು ಅನುಮತಿಯಿದೆ ಎಂದು ತೀರ್ಪು ಕೊಟ್ಟಿತು. ಪ್ರಶ್ನೆ ಕೇಳುವುದು ತಪ್ಪಲ್ಲ. ಬಲ್ಲವರನ್ನು ಕೇಳದೆ ನಿರ್ಧರಿಸುವುದು ತಪ್ಪು.

ಮೊಬೈಲ್ ಬಂದ ಮೇಲೆ

2017ರ ಫೆಬ್ರುವರಿ 5ರಂದು ದಡಾರ-ರುಬೆಲ್ಲಾ ಲಸಿಕಾ ಅಭಿಯಾನಕ್ಕೆ ಚಾಲನೆ ದೊರೆತದ್ದು ನಮ್ಮ ಬೆಂಗಳೂರಿನಲ್ಲೇ. ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ, ಲಕ್ಷದ್ವೀಪಗಳ 9 ತಿಂಗಳಿಂದ 15 ವರ್ಷದೊಳಗಿನ ಸುಮಾರು 3.6 ಕೋಟಿ ಮಕ್ಕಳು ಅದರ ಗುರಿ. ಕೂಡಲೇ ವಾಟ್ಸಾಪಿನಲ್ಲಿ ಸಂದೇಶಗಳು: ಇದು ಹೊಸ ಪ್ರಯೋಗ, ಮಕ್ಕಳಿಗೆ ಆಟಿಸಂ ಬರುತ್ತದೆ, ಮುಂದೆ ಸಂತಾನವಾಗುವುದಿಲ್ಲ! ಅನೇಕ ಪಾಲಕರು ಶಾಲೆಗೆ ಒಪ್ಪಿಗೆ ಕೊಡಲು ಹಿಂಜರಿದರು. ನಿಜವೇನು? ದಡಾರ ಲಸಿಕೆ ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿ 1985ರಿಂದಲೂ ಇತ್ತು. ಆಟಿಸಂ ಮಾತಿನ ಮೂಲ ಲಂಡನ್ನಿನ ವೈದ್ಯ ಆಂಡ್ರ್ಯೂ ವೇಕ್‌ಫೀಲ್ಡ್ 1998ರಲ್ಲಿ ಕೇವಲ 12 ಮಕ್ಕಳ ಬಗ್ಗೆ ಬರೆದ ಲೇಖನ. ಅದು ಅಪ್ರಾಮಾಣಿಕವೆಂದು ಕಂಡುಬಂದು 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಅದನ್ನು ಹಿಂತೆಗೆದುಕೊಂಡಿತು. ಆತನ ವೈದ್ಯ ನೋಂದಣಿಯೂ ರದ್ದಾಯಿತು. ಡೆನ್ಮಾರ್ಕಿನಲ್ಲಿ 6,57,461 ಮಕ್ಕಳನ್ನು ಗಮನಿಸಿದ ಅಧ್ಯಯನ 2019ರಲ್ಲಿ ಅಂಥ ಸಂಬಂಧವೇ ಇಲ್ಲವೆಂದಿತು. ಸತ್ತ ಲೇಖನದ ನೆರಳು ಮಾತ್ರ ಏಳು ವರ್ಷದ ನಂತರವೂ ನಮ್ಮ ಮಕ್ಕಳ ಶಾಲೆಯ ಬಾಗಿಲಲ್ಲಿ ನಿಂತಿತ್ತು.

ಇಷ್ಟಕ್ಕೂ ದಡಾರ ಸಣ್ಣ ಕಾಯಿಲೆಯಲ್ಲವೇ? ಅಲ್ಲ. ಒಬ್ಬ ರೋಗಿಯಿಂದ ರಕ್ಷಣೆಯಿಲ್ಲದ 12ರಿಂದ 18 ಜನರಿಗೆ ಅದು ಹರಡಬಲ್ಲದು. ವಾಸಿಯಾದ ಏಳೆಂಟು ವರ್ಷಗಳ ನಂತರ ಕೆಲವು ಮಕ್ಕಳಲ್ಲಿ ಅದೇ ವೈರಾಣು ಮೆದುಳನ್ನು ನಿಧಾನವಾಗಿ ನಾಶಮಾಡುತ್ತದೆ. ಎಸ್‌ಎಸ್‌ಪಿಇ ಎಂಬ ಆ ಕಾಯಿಲೆಗೆ ಮದ್ದಿಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್ ವೈದ್ಯರು ಅಂಥ ಮಕ್ಕಳನ್ನು ದಶಕಗಳಿಂದ ನೋಡುತ್ತ, ಅವರ ಬಗ್ಗೆ ಬರೆಯುತ್ತ ಬಂದಿದ್ದಾರೆ. ಗರ್ಭಿಣಿಗೆ ರುಬೆಲ್ಲಾ ಬಂದರೆ ಮಗು ಕಿವುಡಾಗಿ, ಕಣ್ಣಿನ ಪೊರೆ ಅಥವಾ ಹೃದಯದ ದೋಷದೊಂದಿಗೆ ಹುಟ್ಟಬಹುದು.

ವದಂತಿ ಕೊಲ್ಲಬಲ್ಲದು ಎಂಬುದನ್ನು 2018 ನಮಗೆ ಕಲಿಸಿತು. ಮೇ 23ರಂದು ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವ ಎಂಜಿನಿಯರನಿಗೂ ಅದೇ ಗತಿ. ಗೆಳೆಯರ ತಂಡ ಮಕ್ಕಳಿಗೆ ಚಾಕೊಲೇಟ್ ಹಂಚಿದ್ದೇ ನೆಪ. ಆ ತಿಂಗಳೇ ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್ ಮಿತಿಯನ್ನು ಐದಕ್ಕೆ ಇಳಿಸಿತು. 2020ರಲ್ಲಿ ಹಳೆಯ ವಿಡಿಯೊಗಳಿಗೆ ಹೊಸ ತಲೆಬರಹ ಕೊಟ್ಟು, ಮುಸ್ಲಿಮರು ಬೇಕೆಂದೇ ಕೊರೋನಾ ಹರಡುತ್ತಿದ್ದಾರೆಂದು ಸುಳ್ಳು ಹಬ್ಬಿಸಲಾಯಿತು. ತಳ್ಳುಗಾಡಿಯ ವ್ಯಾಪಾರಿಗಳು ಅದರ ಬಿಸಿ ಅನುಭವಿಸಿದರು. ಮರುವರ್ಷ, 2021ರ ಮೇ ತಿಂಗಳಲ್ಲಿ "ಲಸಿಕೆ ಪಡೆದವರೆಲ್ಲ ಎರಡೇ ವರ್ಷದಲ್ಲಿ ಸಾಯುತ್ತಾರೆ" ಎಂದು ನೊಬೆಲ್ ವಿಜ್ಞಾನಿ ಲುಕ್ ಮಾಂಟೇನಿಯೇ ಹೇಳಿದರೆಂಬ ಸಂದೇಶ ಬಂತು. ಅವರು ಹಾಗೆ ಹೇಳಿರಲಿಲ್ಲ. 2023 ಬಂತು, ಹೋಯಿತು.

ಓದುಗರೇ, ಇಲ್ಲಿ ಒಂದು ಕ್ಷಣ ನಿಲ್ಲಿ. ನಮ್ಮ ಮೇಲೆ ಬಂದ ಸುಳ್ಳಿಗೆ "ಸಾಕ್ಷಿ ಎಲ್ಲಿ?" ಎಂದು ಕೇಳಿದೆವು. ಕೇಳಲೇಬೇಕಿತ್ತು. ಅದೇ ಪ್ರಶ್ನೆಯನ್ನು ಲಸಿಕೆಯ ಸುಳ್ಳಿಗೆ ಏಕೆ ಕೇಳಲಿಲ್ಲ? ನಮಗೆ ನೋವು ಮಾಡುವ ವದಂತಿಯನ್ನು ಖಂಡಿಸಿ, ನಮಗೆ ರುಚಿಸುವ ವದಂತಿಯನ್ನು ಹಂಚಿದರೆ ನ್ಯಾಯವಾದೀತೇ?

ನಮ್ಮ ಪರಂಪರೆಯ ಪಾಠ

ಈ ಪ್ರಶ್ನೆ ಕೇಳುವ ವಿದ್ಯೆ ನಮಗೆ ಹೊಸದೇನಲ್ಲ. ಪ್ರವಾದಿಯವರ (ಸ) ಮಾತೆಂದು ಯಾರಾದರೂ ಏನಾದರೂ ಹೇಳಿದರೆ ಹದೀಸ್ ವಿದ್ವಾಂಸರು ಮೊದಲು ಕೇಳುತ್ತಿದ್ದುದು: ನೀವು ಯಾರಿಂದ ಕೇಳಿದಿರಿ? ಅವರು ಯಾರಿಂದ ಕೇಳಿದರು? ಈ ಸರಪಳಿಯೇ ಸನದು. ನಡುವೆ ಒಂದು ಕೊಂಡಿ ಕಳಚಿದರೆ, ಒಬ್ಬ ವರದಿಗಾರ ಮರೆವಿನವನೋ ಸುಳ್ಳನೋ ಆಗಿದ್ದರೆ, ಆ ವರದಿ ದುರ್ಬಲ. ವರದಿಗಾರರ ಬಾಳನ್ನು ಪರಿಶೀಲಿಸಲೆಂದೇ ಒಂದು ಶಾಸ್ತ್ರ ಬೆಳೆಯಿತು. ಧರ್ಮದ ಮಾತಿಗೇ ಇಷ್ಟು ಎಚ್ಚರ ವಹಿಸಿದ ಸಮುದಾಯ, ಮಗುವಿನ ಜೀವದ ಮಾತಿಗೆ ಹೆಬ್ಬೆರಳು ಒತ್ತಿ ಸುಮ್ಮನಾಗಬಹುದೇ?

1802ರ ಲಸಿಕೆಗೆ ಸನದು ಇತ್ತು: ಬಗ್ದಾದ್, ಬಸ್ರಾ, ಬೊಂಬಾಯಿ, ಒಂದು ಮಗುವಿನ ಹೆಸರು. ಹಾಸನದ ಸಾವುಗಳ ವರದಿಗೆ ಸನದು ಇದೆ: ಸಮಿತಿ, ವೈದ್ಯರು, 251 ರೋಗಿಗಳು. "ಹಲವು ಬಾರಿ ಫಾರ್ವರ್ಡ್ ಆಗಿದೆ" ಎಂಬ ಸಂದೇಶಕ್ಕೆ ಮಾತ್ರ ಹೇಳಿದವರ ಹೆಸರಿಲ್ಲ, ಊರಿಲ್ಲ, ತಾರೀಖಿಲ್ಲ. ಕಳಿಸಿದವರು ನಮ್ಮ ಅಣ್ಣನೋ ಚಿಕ್ಕಮ್ಮನೋ ಆಗಿರುವುದರಿಂದ ನಂಬುತ್ತೇವೆ. ಆದರೆ ಚಿಕ್ಕಮ್ಮ ಬರೀ ಕೊನೆಯ ಕೊಂಡಿ. ಮೊದಲ ಕೊಂಡಿ ಯಾರು?

ನಾವೇನು ಮಾಡಬಹುದು?

ವಿದ್ಯಾರ್ಥಿ ಮಿತ್ರರೇ, ಈ ಕೆಲಸಕ್ಕೆ ಪದವಿ ಬೇಕಿಲ್ಲ. ಮನೆಯ ಗ್ರೂಪಿನಲ್ಲಿ ಲಸಿಕೆಯ ಸಂದೇಶ ಬಂದಾಗ ಮರ್ಯಾದೆಯಿಂದಲೇ ಕೇಳಿ: "ಇದು ಎಲ್ಲಿಂದ ಬಂತು?" ಹಿರಿಯರನ್ನು ಎಲ್ಲರೆದುರು ಹೀಗಳೆಯಬೇಡಿ, ಪ್ರತ್ಯೇಕವಾಗಿ ಕರೆ ಮಾಡಿ ವಿವರಿಸಿ. ಉತ್ತರ ಗೊತ್ತಾಗುವ ತನಕ ಮುಂದಕ್ಕೆ ಕಳಿಸಬೇಡಿ. ನಿಮ್ಮ ಮೊಹಲ್ಲಾದ ಡಾಕ್ಟರು, ನರ್ಸ್, ಆಶಾ ಕಾರ್ಯಕರ್ತೆಯನ್ನು ಕೇಳಿ. ಅವರಿಗೆ ಹೆಸರಿದೆ, ಮುಖವಿದೆ, ನಾಳೆಯೂ ಅಲ್ಲೇ ಇರುತ್ತಾರೆ.

ಪಾಲಕರೇ, ತಾಯಿ ಕಾರ್ಡನ್ನು ಇಂದೇ ತೆಗೆದು ನೋಡಿ. ದಡಾರ-ರುಬೆಲ್ಲಾ ಲಸಿಕೆ ಎರಡು ಬಾರಿ: 9ರಿಂದ 12 ತಿಂಗಳಲ್ಲಿ ಒಮ್ಮೆ, 16ರಿಂದ 24 ತಿಂಗಳಲ್ಲಿ ಮತ್ತೊಮ್ಮೆ. ತಪ್ಪಿದ್ದರೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕೇಳಿ. ಅಲ್ಲಿ ಅದು ಉಚಿತ. ಮಗುವಿಗೆ ಅಲರ್ಜಿ ಅಥವಾ ಬೇರೆ ಕಾಯಿಲೆಯಿದ್ದರೆ ಮೊದಲೇ ವೈದ್ಯರಿಗೆ ತಿಳಿಸಿ.

ಸಂಘ ಸಂಸ್ಥೆಗಳ ಹಿರಿಯರೇ, ಜುಮಾ ಖುತ್ಬಾದ ಬಳಿಕ ಐದು ನಿಮಿಷ ವೈದ್ಯರೊಬ್ಬರಿಗೆ ಮಾತಾಡಲು ಬಿಡಿ. ಪ್ರಶ್ನೆ ಕೇಳಿದವರನ್ನು ಅಜ್ಞಾನಿಗಳೆನ್ನಬೇಡಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ, ಅಡ್ಡಪರಿಣಾಮ ಇದ್ದರೆ ಇದೆ ಎನ್ನಿ.

1980ರ ಮೇ ತಿಂಗಳಲ್ಲಿ ಜಗತ್ತು ಸಿಡುಬಿನಿಂದ ಮುಕ್ತವೆಂದು ಘೋಷಣೆಯಾಯಿತು. ನಿಮ್ಮ ಮನೆಯ ಹಿರಿಯರ ತೋಳಿನ ಮೇಲೆ ಸಿಡುಬಿನ ಲಸಿಕೆಯ ಗುಂಡಗಿನ ಗುರುತು ಇನ್ನೂ ಇರುತ್ತದೆ. ಆ ಗುರುತನ್ನು ಮಕ್ಕಳಿಗೆ ತೋರಿಸಿ. ಅವರ ಕಾಲದಲ್ಲೂ ವದಂತಿಗಳಿದ್ದವು. ಆದರೂ ಯಾರೋ ಒಬ್ಬ ತಾಯಿ ವಿಚಾರಿಸಿ, ಧೈರ್ಯ ಮಾಡಿ, ಮಗುವಿನ ತೋಳನ್ನು ಮುಂದೆ ಚಾಚಿಸಿದ್ದರಿಂದಲೇ ನಾವಿಂದು ಆ ರೋಗದ ಹೆಸರನ್ನು ಪುಸ್ತಕದಲ್ಲಿ ಮಾತ್ರ ಓದುತ್ತಿದ್ದೇವೆ.